ಮಾತಾಡಿಸಲು ಬಂದ ಊರು

ಆಸ್ಪತ್ರೆಯಿಂದ ಮಗಳನ್ನು ಮನೆಗೆ ಕರೆದೊಯ್ದ ಮರುದಿನ ಬೆಳಿಗ್ಗೆ ಅವಳ ತಾಯಿ ನಮ್ಮ ಆಪ್ತಸಮಾಲೋಚನಾ ಕೇಂದ್ರಕ್ಕೆ ಬಂದರು. ಹುಮನಾಬಾದಿನ ಒಂದು ಓಣಿಯಲ್ಲಿ ಬಾಡಿಗೆ ಮನೆಯ ಮುಂದಿನ ಕೋಣೆಯೇ ನಮ್ಮ ಕೇಂದ್ರ. ಕುರ್ಚಿ ತೋರಿಸಿದರೂ ಅವರು ಕೂರಲಿಲ್ಲ.

"ಮೇಡಂರಿ, ಕಂಪ್ಯೂಟರಿನಾಗ ಬರದಿದ್ದು ಅಳಸಲಿಕ್ಕ ಬರ್ತದೇನ್ರಿ?"

"ಏನು ಬರದಾರ್ರಿ ಯವ್ವಾ?"

"ನನಗ ಓದಾಕ ಬರಲ್ರಿ. ಓದಿದವರೆಲ್ಲ ನನ್ನ ಮಾರಿ ನೋಡಾಕತ್ತಾರ."

ಅವರ ಮಗಳು ಬಸವಕಲ್ಯಾಣದ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ತರಗತಿಯ ಶಿಕ್ಷಕಿ. ಊರು ಮುಡಬಿ. ಕೆಲಸಕ್ಕಾಗಿ ತಾಯಿ ಮಗಳಿಬ್ಬರೂ ಕಲ್ಯಾಣದಲ್ಲಿ ಕೋಣೆ ಹಿಡಿದಿದ್ದರು. ಆ ಬೇಸಿಗೆಯಲ್ಲಿ ಅವಳು ಬದುಕು ಮುಗಿಸಿಕೊಳ್ಳಲು ಹೊರಟಿದ್ದಳು. ಯಾಕೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಮೊದಲು ಕೇಳಿದ್ದು ಅದನ್ನೇ. ಕೇಳಿದ ಯಾರಿಗೂ ಉತ್ತರದಿಂದ ಮಾಡಬೇಕಾದ ಕೆಲಸ ಏನೂ ಇರಲಿಲ್ಲ. ಹೊರಡುವ ಮೊದಲು ಅವಳು ಒಂದು ಸಾಮಾಜಿಕ ಜಾಲತಾಣದ ತನ್ನ ಪುಟದಲ್ಲಿ ನಾಲ್ಕು ಸಾಲು ಬರೆದಿದ್ದಳು. ಅದನ್ನು ಓದಿದ ಗೆಳತಿಯೊಬ್ಬಳು ಚಪ್ಪಲಿ ಮೆಟ್ಟದೆ ಓಡಿ ಬಂದಿದ್ದರಿಂದ ಅವಳು ಉಳಿದಳು. ಅದೇ ಸಾಲುಗಳನ್ನು ಓದಿದ ಮತ್ತೊಬ್ಬ ಅವನ್ನು ಎತ್ತಿಕೊಂಡು, ಅವಳ ಭಾವಚಿತ್ರವನ್ನೂ ಸೇರಿಸಿ, ಊರಿನವರ ಬಳಗದಲ್ಲಿ ಹಾಕಿದ.

ಈಗಿನವರಿಗೆ ಸ್ವಲ್ಪ ವಿವರಿಸಬೇಕು. ಎರಡು ಸಾವಿರದ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಕಡೆ ಅಂತರ್ಜಾಲವೆಂದರೆ ನೆಟ್ ಸೆಂಟರ್. ಆ ಜಾಲತಾಣದಲ್ಲಿ ಊರೂರಿಗೂ ಒಂದೊಂದು ಬಳಗ ಕಟ್ಟಿಕೊಳ್ಳಬಹುದಿತ್ತು. ಅದನ್ನು ಎಲ್ಲರೂ ಕಮ್ಯುನಿಟಿ ಎನ್ನುತ್ತಿದ್ದರು. ಹುಮನಾಬಾದ್ ಮತ್ತು ಬಸವಕಲ್ಯಾಣಕ್ಕೆ ಸೇರಿ ಒಂದೇ ಬಳಗ. ಯಾರಾದರೂ ಒಂದು ವಿಷಯ ತೆರೆದರೆ ಉಳಿದವರು ಅದರ ಕೆಳಗೆ ಉತ್ತರ ಬರೆಯುತ್ತಾ ಹೋಗುತ್ತಿದ್ದರು, ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಅವಳ ಚಿತ್ರದ ಮೇಲೆ, ಅವಳ ಹೆಸರಿನ ಜೊತೆ ಇದ್ದ ತಲೆಬರಹ: "ನಮ್ಮ ಮಕ್ಕಳಿಗೆ ಇಂಥಾ ಟೀಚರ್ ಬೇಕಾ?"

ಕೆಳಗೆ ಊರು ನೆರೆದಿತ್ತು. ನಾಟಕ ಎಂದವರಿದ್ದರು. ಹೇಡಿ ಎಂದವರು, ಹೆತ್ತವರ ಮುಖಕ್ಕೆ ಮಸಿ ಎಂದವರು, ಮುಂದಿನ ಸಲ ಸರಿಯಾಗಿ ಮಾಡು ಎಂದು ನಕ್ಕವರು. ಅವರ ನಡುನಡುವೆ ಮನುಷ್ಯ ಜನ್ಮ ದೊಡ್ಡದು ಎಂದು ಉಪದೇಶ ಮಾಡಿದವರು. ವಿಶ್ವವಿದ್ಯಾಲಯದಲ್ಲಿ ನಮಗೆ ಕಳಂಕ ಎಂಬ ಪದವನ್ನು ವ್ಯಾಖ್ಯೆ ಸಹಿತ ಕಲಿಸಿದ್ದರು. ಅದಕ್ಕೆ ಹೆಸರು, ಓಣಿ, ಮನೆತನ ಇರುತ್ತದೆ, ಅದು ನಗುಮುಖದ ಚಿಹ್ನೆ ಹಾಕಿ ಬರೆಯುತ್ತದೆ ಎಂಬುದನ್ನು ಯಾರೂ ಕಲಿಸಿರಲಿಲ್ಲ.

ನಾನು ಅಲ್ಲಿ ಅವಳ ಪರವಾಗಿ ಒಂದಕ್ಷರವನ್ನೂ ಬರೆಯುವಂತಿರಲಿಲ್ಲ. ನಮ್ಮ ಕೆಲಸದ ಮೊದಲ ನಿಯಮವೇ ಅದು: ಯಾರು ನಮ್ಮ ಬಳಿ ಬರುತ್ತಾರೆ ಎಂಬುದು ನಮ್ಮ ಬಾಯಿಂದ ಹೊರಬೀಳಕೂಡದು. ಹಾಗಾಗಿ ಮೊದಲು ಬಸವಕಲ್ಯಾಣಕ್ಕೆ ಹೋಗಿ, ಏನು ಮಾಡಲಿ ಎಂದು ಅವಳನ್ನೇ ಕೇಳಿದೆ. ಕೋಣೆಯ ಕಿಟಕಿ ಮುಚ್ಚಿತ್ತು. ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಅಲ್ಲಿಂದಲೇ ಹೇಳಿದಳು:

"ನನಗ ಬ್ಯಾರೆ ಏನೂ ಬ್ಯಾಡ್ರಿ. ಜೂನಿನಾಗ ಸಾಲಿ ಸುರು ಆದ ದಿನ ನನ್ನ ಕ್ಲಾಸಿಗೆ ನಾ ಹೋಗಬೇಕು. ಅಷ್ಟು ಆದ್ರ ನಾ ಎದ್ದು ನಿಂದರ್ತೀನಿ."

ಶಾಲೆಯ ಕಾರ್ಯದರ್ಶಿ ಆಗಲೇ ಅವಳ ತಾಯಿಗೆ ಹೇಳಿ ಕಳುಹಿಸಿದ್ದರು: "ಅಲ್ಲಿತನಕ ಮಂದಿ ಮರತ್ರ ನಮ್ಮದೇನೂ ತಕರಾರಿಲ್ಲ." ಇದೇ ನನ್ನ ಕೆಲಸ ಎಂದು ಗೊತ್ತಾಯಿತು. ಶಾಲೆ ತೆರೆಯುವುದರೊಳಗೆ ಒಂದು ಊರು ಒಬ್ಬಳನ್ನು ಮರೆಯಬೇಕು.

ಜಾಲತಾಣಕ್ಕೆ ದೂರು ಕೊಡುವ ಗುಂಡಿಯೊಂದು ಪುಟದ ಕೆಳಗಿತ್ತು. ಒತ್ತಿದೆ. ನಿಮ್ಮ ದೂರು ತಲುಪಿದೆ ಎಂಬ ಇಂಗ್ಲಿಷ್ ಪತ್ರ ಕ್ಷಣದಲ್ಲೇ ಬಂತು. ಆಮೇಲೆ ಏನೂ ಬರಲಿಲ್ಲ. ಎಷ್ಟು ಸಲ ಒತ್ತಿದರೂ ಅದೇ ಪತ್ರ, ಅದೇ ಒಕ್ಕಣೆ. ಪೊಲೀಸರಿಗೆ ಹೇಳೋಣವೆಂದು ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಂಪ್ಲೇಂಟ್ ಕೊಡ್ಬಹುದು ತಂಗಿ. ಆದ್ರ ಸಾಯಾಕ ಹೋಗೋದೇ ಗುನ್ನೆ ಅಂತದ ಕಾನೂನು. ನಕ್ಕವರ ಹೆಸರು ಬರೆಯೋಕಿಂತ ಮೊದಲ ಆಕಿ ಹೆಸರು ಬರೀಬೇಕಾಗ್ತದ."

ಆಗಿನ ಕಾನೂನು ಹಾಗಿತ್ತು. ಕಲ್ಲೆಸೆದವರ ಹೆಸರು ಹೇಳಬೇಕಾದರೆ ಗಾಯಗೊಂಡವಳು ಮೊದಲು ಕಟಕಟೆ ಹತ್ತಬೇಕು. ವಕೀಲರು ಇದನ್ನು ಬೇಸರದಿಂದಲೇ ಹೇಳಿದರು. ಆ ಬೇಸರದಿಂದ ನನಗೆ ಉಪಯೋಗವಾಗಲಿಲ್ಲ.

ಉಳಿದದ್ದು ಬಳಗ ಕಟ್ಟಿದ ಮನುಷ್ಯ. ಅವನಿಗೆ ಮಾತ್ರ ಯಾವುದೇ ವಿಷಯವನ್ನು ಬುಡಸಮೇತ ತೆಗೆದುಹಾಕುವ ಅಧಿಕಾರವಿತ್ತು. ಹುಮನಾಬಾದಿನಲ್ಲಿ ಅವನದೊಂದು ಮೊಬೈಲ್ ಅಂಗಡಿ: ರೀಚಾರ್ಜ್ ಮಾಡುವುದು, ಕವರ್ ಮಾರುವುದು, ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವುದು. ಅವಳ ಮತ್ತು ತಾಯಿಯ ಒಪ್ಪಿಗೆ ಪಡೆದು, ತಾಯಿಯ ಪರವಾಗಿ ಬಂದಿದ್ದೇನೆ ಎಂದೇ ಹೇಳಿದೆ. ಅವನು ಸ್ಟೂಲು ಒರೆಸಿ ಕೂರಿಸಿದ, ಚಹಾ ತರಿಸಿದ. ಕೆಟ್ಟ ಮನುಷ್ಯನಲ್ಲ. ನಮ್ಮಲ್ಲಿ ಯಾರೂ ಕೆಟ್ಟ ಮನುಷ್ಯರಲ್ಲ, ತೊಂದರೆಯೇ ಅದು.

"ಮೊದಲ ಈ ಕಮ್ಯುನಿಟಿನಾಗ ಯಾರೂ ಇರಲಿಲ್ರಿ ಮೇಡಂ. ನಾನು, ನಮ್ಮ ಅಳಿಯ, ಇಬ್ಬರೇ ಒಬ್ಬರಿಗೊಬ್ಬರು ದೀಪಾವಳಿ ಶುಭಾಶಯ ಹೇಳಕೋತ ಕುಂದರ್ತಿದ್ವಿ. ಈಗ ನೋಡ್ರಿ, ದುಬೈದಾಗ ಇದ್ದವರೂ ಬಂದಾರ."

"ಆ ಒಂದು ವಿಷಯ ತೆಗೀರಿ."

"ಕೆಟ್ಟ ಮಾತು ಇದ್ರ ತೋರಸ್ರಿ, ಅಷ್ಟೇ ತೆಗಿತೀನಿ. ಚಲೋ ಬುದ್ಧಿಮಾತೂ ಭಾಳ ಮಂದಿ ಹೇಳ್ಯಾರಲ್ಲ?"

"ಬುದ್ಧಿ ಹೇಳ್ರಿ ಅಂತ ಆಕಿ ಕೇಳ್ಯಾಳೇನು?"

"ಆಕಿ ಎಲ್ಲಾರ ಮುಂದ ಬರದಾಳ. ಅವರೂ ಎಲ್ಲಾರ ಮುಂದ ಹೇಳಾಕತ್ತಾರ."

"ಜ್ವರ ಬಂದವರು ಬಡಬಡಿಸಿದ್ದು ಬರಕೊಂಡು ಚೌಕಿನಾಗ ತೂಗಹಾಕ್ತೀರೇನು ನೀವು?"

"ಜ್ವರ ಬ್ಯಾರೆ, ಇದು ಬ್ಯಾರೆ ಬಿಡ್ರಿ. ಜ್ವರದಾಗ ಊರ ಇಜ್ಜತ್ ಹೋಗಂಗಿಲ್ಲ."

ಹಾಡು ತುಂಬಿಸಿಕೊಳ್ಳಲು ನಿಂತಿದ್ದ ಗಿರಾಕಿಯೊಬ್ಬ ನಡುವೆ ಬಾಯಿ ಹಾಕಿದ: "ಮೇಡಂ, ಖರೇ ಸಾಯೋರು ಡಂಗುರ ಹೊಡದು ಸಾಯ್ತಾರೇನ್ರಿ?" ಅಂಗಡಿ ನಕ್ಕಿತು.

"ಹೌದು, ಹೇಳ್ತಾರ," ಎಂದೆ. "ಯಾರರ ಕೇಳಿಸ್ಕೊಂಡು ಓಡಿ ಬರ್ಲಿ ಅಂತ ಹೇಳ್ತಾರ. ಆಕಿ ಹೇಳಿದ್ದಕ್ಕ ಒಬ್ಬಾಕಿ ಓಡಿ ಬಂದಳು. ನೀವು ಓದಿದ್ರಿ, ನೀವು ಯಾಕ ಓಡಲಿಲ್ಲ?"

ನಗು ನಿಂತಿತು. ಮನಸ್ಸು ಬದಲಾಗಲಿಲ್ಲ. ಅಂಗಡಿಯವನು ಕೊನೆಗೆ ತನ್ನ ನ್ಯಾಯ ಹೇಳಿದ: "ಒಂದು ಕೆಲಸ ಮಾಡ್ರಿ. ಆಕಿನೇ ಬಂದು ಕಮ್ಯುನಿಟಿನಾಗ ಒಂದ್ ಸಲ ಮಾಫಿ ಕೇಳಲಿ, ತಪ್ಪಾತು ಅನ್ಲಿ. ಅವತ್ತೇ ತೆಗಿತೀನಿ. ನಾ ಒಬ್ಬವನೇ ತೆಗದ್ರ ಮಂದಿ ನನಗ ಬೈತಾರ."

ಮುಚ್ಚಿಡುವುದು ಸರಿಯಲ್ಲವೆಂದು ಅವಳಿಗೆ ತಿಳಿಸಿದೆ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಮೊದಲ ಬಾರಿ ನಕ್ಕದ್ದು ಅಂದೇ. "ಯಾರ ಕಡೆ ಕೇಳ್ಲಿ ಅಂತ್ರಿ? ಹಾಜರಿ ಕರದು, ಹೂಂ ಅಂದವರಿಗೆಲ್ಲ ಒಬ್ಬೊಬ್ಬರಿಗೇ ಕೇಳ್ಲೇನು?"

ಮಾಫಿ ಕೇಳುವುದಿಲ್ಲ ಎಂದು ಅಲ್ಲಿಗೇ ತೀರ್ಮಾನವಾಯಿತು.

ಅದೇ ವಾರ ನಾನು ಕಲ್ಯಾಣದ ನೆಟ್ ಸೆಂಟರಿನಲ್ಲಿ ಕುಳಿತು ಬಳಗದ ಮೊದಲ ಪುಟವನ್ನು ಸುಮ್ಮನೆ ಗಮನಿಸತೊಡಗಿದೆ. ಪ್ರತಿ ಸಲವೂ ಅವಳ ಹೆಸರೇ ಮೇಲಿರುತ್ತಿತ್ತು. ಹೊಸ ವಿಷಯಗಳು ಬಂದರೂ ಅದು ಇಳಿಯುತ್ತಿರಲಿಲ್ಲ. ಕಾರಣ ಸರಳವಾಗಿತ್ತು: ಯಾವ ವಿಷಯಕ್ಕೆ ಕೊನೆಯ ಉತ್ತರ ಬಂದಿದೆಯೋ ಅದು ತಾನಾಗಿ ಮೇಲಕ್ಕೆ ಏರುತ್ತಿತ್ತು. ಬೈಗುಳವೋ ಆಶೀರ್ವಾದವೋ ಯಂತ್ರಕ್ಕೆ ಭೇದವಿಲ್ಲ. "ಪಾಪ" ಎಂದು ಒಬ್ಬರು ಬರೆದರೂ ಅವಳ ಮುಖ ಮತ್ತೆ ಊರಿನ ಎದುರು ಬಂದು ನಿಲ್ಲುತ್ತಿತ್ತು.

ಹಾಗಾದರೆ ತೆಗೆಸುವ ಹಟ ಬಿಡಬೇಕು, ಮುಳುಗಿಸಬೇಕು. ಬೇರೆ ಮಾತುಗಳನ್ನು ಅದರ ಮೇಲೆ ಹೇರುತ್ತಾ ಹೋದರೆ ಅದು ಎರಡನೆಯ ಪುಟಕ್ಕೆ ಜಾರುತ್ತದೆ, ಮೂರನೆಯದಕ್ಕೆ, ಇನ್ನೂ ಹಿಂದಕ್ಕೆ. ನ್ಯಾಯಕ್ಕಾಗಿ ಹೊರಟವಳು ನಾನು. ಹೆಸರು ಹಿಡಿದು ಕೇಳಬೇಕು, ಒಬ್ಬೊಬ್ಬರಿಂದಲೂ ಉತ್ತರ ಪಡೆಯಬೇಕು ಎಂಬ ಕಿಚ್ಚು ಒಳಗಿತ್ತು. ಅದನ್ನು ಕಟ್ಟಿಟ್ಟು ಮರೆವನ್ನು ತಯಾರಿಸುವ ಕೆಲಸಕ್ಕೆ ಇಳಿಯುವುದು ನನಗೆ ಸೋಲಿನಂತೆಯೇ ಕಂಡಿತು. ಆದರೆ ಅವಳಿಗೆ ಬೇಕಾಗಿದ್ದು ತೀರ್ಪಲ್ಲ, ತರಗತಿ.

ನೆಟ್ ಸೆಂಟರಿನ ಮಾಲೀಕನಿಗೆ ಉಪಾಯ ಹೇಳಿದೆ. ಯಾರ ಸಲುವಾಗಿ ಎಂದು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಗಡ್ಡ ತುರಿಸಿಕೊಂಡು ಒಪ್ಪಿದ.

"ಎರಡನೇ ಪುಟಕ್ಕ ಹೋದ್ರ ಸಾಕ್ರಿ ಮೇಡಂ. ಇಲ್ಲಿ ನೆಟ್ಟಿನ ಸ್ಪೀಡ್ ನೋಡೀರಲ್ಲ? ನಮ್ಮ ಗಿರಾಕಿಗೆ ಎರಡನೇ ಪುಟ ಅಂದ್ರ ಎರಡನೇ ಹೆಂಡ್ತಿ ಇದ್ದಂಗ. ಆಸೆ ಇರ್ತದ, ತಾಕತ್ತು ಇರಲ್ಲ."

ಕೆಲಸ ಶುರುವಾಯಿತು. ಬಸ್ ನಿಲ್ದಾಣಕ್ಕೆ ಹೋಗಿ ಬೋರ್ಡಿನಲ್ಲಿದ್ದ ಸಮಯಗಳನ್ನೆಲ್ಲ ಬರೆದುಕೊಂಡು ಬಂದೆ. ಹುಮನಾಬಾದಿಗೆ ಒಂದು ವಿಷಯ, ಮುಡಬಿಗೆ ಒಂದು, ಮೋರಖಂಡಿಗೆ ಒಂದು. ಕರೆಂಟು ಹೋಗುವ ಹೊತ್ತು ಯಾವ ಓಣಿಯಲ್ಲಿ ಯಾವುದು, ನಲ್ಲಿ ನೀರು ಎಂದು ಬರುತ್ತದೆ, ಪಿಯುಸಿ ಪ್ರವೇಶಕ್ಕೆ ಏನೇನು ಕಾಗದ ಬೇಕು. ಮಾಲೀಕ ತನ್ನ ಗಿರಾಕಿಗಳಿಗೆ, "ಅಣ್ಣಾ, ಹೋಗೋ ಮೊದಲ ಇಲ್ಲೊಂದು ಮಾತು ಬರದು ಹೋಗು," ಎನ್ನುತ್ತಿದ್ದ. ಉಪಯೋಗದ ವಿಷಯಗಳಿಗೆ ಉತ್ತರ ಬರುವುದು ಕಡಿಮೆ ಎಂದು ಬೇಗ ತಿಳಿಯಿತು. ಓದಿ, ಬರೆದುಕೊಂಡು, ಸುಮ್ಮನೆ ಹೋಗುತ್ತಿದ್ದರು. ಜಗಳ ಬೇಕಿತ್ತು. ಒಂದು ದಿನ ಮಾಲೀಕನೇ ತೆರೆದ: "ಮಿರ್ಚಿ ಭಜಿ ಹುಮನಾಬಾದಿಂದು ಚಲೋನೋ, ಕಲ್ಯಾಣದ್ದು ಚಲೋನೋ?"

ಆ ವಿಷಯ ಹೊತ್ತಿಕೊಂಡಿತು. ಎರಡೂ ಊರಿನವರು ತೋಳೇರಿಸಿ ಬಂದರು. ಹುಮನಾಬಾದಿನವರದು ಹೆದ್ದಾರಿ ಭಜಿ, ಲಾರಿ ಡ್ರೈವರಿಗಷ್ಟೇ ರುಚಿ ಎಂದರು ಕಲ್ಯಾಣದವರು. ನಿಮ್ಮ ಭಜಿ ತಿನ್ನಬೇಕಂದ್ರ ಹೈವೇದ ಸಸ್ತಾಪುರ ಬಂಗ್ಲಾ ಸ್ಟಾಪಿನಾಗ ಇಳಿದು ಆಟೋ ಹಿಡೀಬೇಕು, ಮುಟ್ಟೋದರಾಗ ಹಸಿವೇ ಸಾಯ್ತದ ಎಂದರು ಹುಮನಾಬಾದಿನವರು. ಅವಳ ವಿಷಯ ಮೊದಲ ಪುಟದ ಬುಡಕ್ಕೆ ಬಂತು, ಆಮೇಲೆ ಕಾಣದಾಯಿತು. ಒಬ್ಬ ಹೆಣ್ಣುಮಗಳ ಮಾನ ಕಾಯಲು ಈ ನಾಡಿನಲ್ಲಿ ಕಾನೂನು ಬರಲಿಲ್ಲ, ಜಾಲತಾಣದ ಕಂಪನಿ ಬರಲಿಲ್ಲ, ಮಿರ್ಚಿ ಭಜಿ ಬಂತು. ಇದನ್ನು ನಾನು ತಮಾಷೆಗೆ ಬರೆಯುತ್ತಿಲ್ಲ.

ಅವಳು ಕೇಂದ್ರಕ್ಕೆ ವಾರವಾರ ತಪ್ಪದೆ ಬರುತ್ತಿದ್ದಳು. ರಾಜೇಶ್ವರದ ದಾರಿಯ ಬಸ್ಸಿನಲ್ಲಿ ಮೊದಮೊದಲು ಮುಖಕ್ಕೆ ಸೆರಗು ಮುಚ್ಚಿಕೊಂಡು, ಆಮೇಲಾಮೇಲೆ ಮುಚ್ಚದೆ. ನಿದ್ದೆ ಹತ್ತುತ್ತದೆ ಎಂದಳು. ಊಟ ರುಚಿಸುತ್ತದೆ ಎಂದಳು. ಒಂದು ದಿನ ಚೀಲದಿಂದ ಸುರುಳಿ ತೆಗೆದು ಬಿಚ್ಚಿದಳು: ಮಗ್ಗಿಯ ಚಾರ್ಟು, ಮೂಲೆಗಳಲ್ಲಿ ಗಿಳಿ, ಮಾವಿನಕಾಯಿ. "ಏಳರ ಮಗ್ಗಿಗೆ ಎಲ್ಲಾ ಹುಡುಗ್ರೂ ಎಡವತಾವ್ರಿ. ಅದಕ್ಕ ಏಳಕ್ಕ ಕೆಂಪು ಬಣ್ಣ ಹಾಕೀನಿ." ಭಜಿಯ ಸಂಗತಿಯನ್ನು ಅವಳಿಗೂ ಹೇಳಿದೆ. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಇಲ್ಲಿ ನಮ್ಮ ಸೀಮೆಯ ಒಂದು ರೂಢಿಯನ್ನು ಹೇಳಬೇಕು. ಯಾರಿಗಾದರೂ ಆರಾಮವಿಲ್ಲದಿದ್ದರೆ, ಕಷ್ಟ ಬಂದಿದ್ದರೆ, ಪರಿಚಯದವರು ಹೋಗಿ ಮಾತಾಡಿಸಿಕೊಂಡು ಬರಬೇಕು. ಹೋಗದಿದ್ದರೆ ಅದು ಮನಸ್ಸಿನಲ್ಲಿ ಉಳಿಯುತ್ತದೆ. ಮದುವೆಗೆ ಹೋಗದಿದ್ದರೂ ನಡೆದೀತು, ಮಾತಾಡಿಸಲು ಹೋಗದಿದ್ದರೆ ನಡೆಯದು. ತುಂಬ ಒಳ್ಳೆಯ ರೂಢಿ. ಅದೇ ನಮ್ಮನ್ನು ಮುಳುಗಿಸಿತು.

ಅವಳಿಗೆ ಹೈಸ್ಕೂಲಿನಲ್ಲಿ ಕಲಿಸಿದ್ದ ನಿವೃತ್ತ ಮಾಸ್ತರರೊಬ್ಬರು ಯಾತ್ರೆಗೆ ಹೋಗಿದ್ದವರು ಕಲ್ಯಾಣಕ್ಕೆ ಮರಳಿದರು. ಸುದ್ದಿ ಕೇಳಿ ನೊಂದರು. ವಯಸ್ಸಾದ ಮೇಲೆ ಆಸೆಯಿಂದ ಕಂಪ್ಯೂಟರ್ ಕಲಿತವರು. ಬಳಗದೊಳಗೆ ಹೊಕ್ಕು, ಪುಟದ ಮೇಲೆ ಪುಟ ಹಿಂದಕ್ಕೆ ಸರಿಸಿ, ಆಳದಲ್ಲಿ ಮಲಗಿದ್ದ ಆ ವಿಷಯವನ್ನು ಹುಡುಕಿ ತೆಗೆದು, ಅದರ ಕೆಳಗೆ ಬಹಳ ಪ್ರೀತಿಯಿಂದ ಬರೆದರು: ಇವಳು ನನ್ನ ಚುರುಕಾದ ವಿದ್ಯಾರ್ಥಿನಿ, ದೇವರು ಇವಳಿಗೆ ನೂರು ವರ್ಷ ಆಯುಷ್ಯ ಕೊಡಲಿ. ಶಾಲೆ ತೆರೆಯಲು ಇನ್ನು ಕೆಲವೇ ದಿನ ಉಳಿದಿತ್ತು. ಮರುಕ್ಷಣ ಅವಳು ಮತ್ತೆ ಮೊದಲ ಸಾಲಿನಲ್ಲಿದ್ದಳು. ಯಾತ್ರೆಯಿಂದ ಬಂದ ಗುರುಗಳು ಬರೆದಿದ್ದಾರೆ ಎಂದ ಮೇಲೆ ಶಿಷ್ಯರು ಸುಮ್ಮನಿರುವುದುಂಟೇ? ಊರು ಮತ್ತೊಮ್ಮೆ ಮಾತಾಡಿಸಲು ನೆರೆಯಿತು.

ಅವಳನ್ನು ಕೇಳಿಯೇ ಅವರ ಮನೆಗೆ ಹೋದೆ. ಮೇಲೇರುವ ಲೆಕ್ಕವನ್ನು ವಿವರಿಸಿದೆ. ಅವರ ಮುಖ ಬಾಡಿತು.

"ನಾ ಒಳ್ಳೇದೇ ಬರದೀನಲ್ಲ ತಂಗಿ? ನಮ್ಮ ಹುಡುಗಿ. ಮಾತಾಡಿಸದ ಹ್ಯಾಂಗ ಇರ್ಲಿ?"

"ಸರ್, ಆಕಿ ಮನಿ ನಿಮ್ಮ ಮನಿಯಿಂದ ಎರಡು ಓಣಿ ದಾಟಿದ್ರ ಅದ. ಅಲ್ಲಿ ಹೋಗಿ ಮಾತಾಡಸ್ರಿ."

ಅವರು ತಲೆ ತಗ್ಗಿಸಿದರು. ಮೆಲ್ಲಗೆ ಹೇಳಿದರು: "ಅಲ್ಲಿ ಹ್ಯಾಂಗ ಹೋಗ್ಲಿ ತಂಗಿ... ಮಂದಿ ನೋಡ್ತಾರ."

ಅವರು ಸಜ್ಜನರು. ತಪ್ಪು ಮಾಡಿದೆ ಎಂದು ತಿಳಿದ ಮೇಲೆ ಸುಮ್ಮನಿರಲಾರದವರು. ಅಂದೇ ಸಂಜೆ ನೆಟ್ ಸೆಂಟರಿಗೆ ಹೋಗಿ ತಾವು ಬರೆದದ್ದರಿಂದ ಆ ಮಗಳಿಗೆ ನೋವಾಗಿದ್ದರೆ ಕ್ಷಮೆ ಇರಲಿ ಎಂದು ಬರೆದರು. ಅದೇ ವಿಷಯದ ಕೆಳಗೆ. ಅದು ಮತ್ತೆ ಏರಿತು. ತಕ್ಷಣ ಶಿಷ್ಯರ ಸಾಲು: "ಗುರುಗಳೇ, ನೀವು ಯಾಕ ಮಾಫಿ ಕೇಳ್ತೀರಿ? ಕೇಳಬೇಕಾದಾಕಿ ಸುಮ್ಮ ಕುಂತಾಳ!"

ನೆಟ್ ಸೆಂಟರಿನವನು ತನ್ನ ಕೈಲಾದಷ್ಟು ಮಾಡಿದ. ಭಜಿಗೆ ಪೂರಿ ಸೇರಿಸಿದ, ಪೂರಿಗೆ ಚಹಾ. ಯಾರೂ ಅತ್ತ ತಿರುಗಲಿಲ್ಲ. "ಮೇಡಂ, ಮಂದಿಗೆ ಈಗ ಹಸಿವು ಬ್ಯಾರೆ ಆಗ್ಯದ," ಎಂದು ಕೈಚೆಲ್ಲಿದ.

ಶಾಲೆ ತೆರೆದ ದಿನ ನಾನೂ ಅವಳ ಜೊತೆ ಹೋದೆ. ಇಸ್ತ್ರಿ ಮಾಡಿದ ಸೀರೆ, ಕಂಕುಳಲ್ಲಿ ಚಾರ್ಟಿನ ಸುರುಳಿ. ಅಂಗಳದಲ್ಲಿ ಒಂದು ಮಗು "ಟೀಚರ್ ಬಂದ್ರು!" ಎಂದು ಓಡಿ ಬಂತು, ಹಿಂದಿನಿಂದ ಯಾರೋ ಅದರ ತೋಳು ಹಿಡಿದೆಳೆದರು. ಕಾರ್ಯದರ್ಶಿ ನಮ್ಮನ್ನು ಗೌರವದಿಂದಲೇ ಕೂರಿಸಿದರು. ಅವರ ಮಾತು ಬೆಣ್ಣೆಯ ಹಾಗಿತ್ತು.

"ನಾವೇನೂ ಅನ್ನಲ್ರಿ. ಪಾಲಕರು ಕೇಳಾಕತ್ತಾರ. ಇನ್ನೂ ಸ್ವಲ್ಪ ದಿವಸ ಆರಾಮ ಮಾಡ್ರಿ."

"ಎಷ್ಟು ದಿವಸ?" ಎಂದೆ.

"ಮಂದಿ ಮರೀತಾರ್ರಿ."

"ಕೆಲಸದಿಂದ ತೆಗದೀವಿ ಅಂತ ಕಾಗದದ ಮ್ಯಾಲ ಕೊಡ್ರಿ. ಯಾಕ ತೆಗದ್ರಿ ಅದನ್ನೂ ಬರೀರಿ."

"ತೆಗದೀವಿ ಅಂತ ಯಾರಂದ್ರು? ಆರಾಮ ಮಾಡ್ಲಿ ಅಂದೀವಿ."

"ಪಾಲಕರು ಯಾರು? ಒಬ್ಬರ ಹೆಸರು ಹೇಳ್ರಿ, ಮಾತಾಡ್ತೀನಿ."

"ಹೆಸರು ಹ್ಯಾಂಗ ಹೇಳ್ಲಿ? ಎಲ್ಲಾರೂ."

ಕಾರ್ಯದರ್ಶಿಗೆ ಪಾಲಕರು, ಪಾಲಕರಿಗೆ ಮಂದಿ, ಬಳಗದವನಿಗೂ ಮಂದಿ, ಕಂಪನಿಗೆ ಅದೇ ಸಿದ್ಧ ಪತ್ರ. ಜಿಮ್ಮೇದಾರರು ಯಾರು ಎಂದು ನಾನು ಅಂದು ಕೇಳಿದೆ, ಈಗಲೂ ಕೇಳುತ್ತಿದ್ದೇನೆ. ಮಂದಿ ಎಂಬ ಹೆಸರಿನ ಮನುಷ್ಯ ಎರಡೂ ತಾಲೂಕಿನಲ್ಲಿ ನನಗೆ ಸಿಕ್ಕಿಲ್ಲ. ಬರೆದವರು ಒಬ್ಬೊಬ್ಬರಾಗಿಯೇ ಬರೆದರು, ಒಬ್ಬೊಬ್ಬರ ಬೆರಳಿನಿಂದಲೇ. ಉತ್ತರ ಕೊಡುವ ಹೊತ್ತಿಗೆ ಮಾತ್ರ ಎಲ್ಲರೂ ಸೇರಿ ಮಂದಿಯಾದರು.

ಅವಳು ವಾದಿಸಲಿಲ್ಲ. ಎದ್ದು ನಿಂತು ಚಾರ್ಟನ್ನು ಕಾರ್ಯದರ್ಶಿಯ ಮೇಜಿನ ಮೇಲಿಟ್ಟಳು. "ಇದು ಮೂರನೇತ್ತಿ ಕ್ಲಾಸಿನ ಗೋಡೆಗೆ ಹಚ್ಚಸ್ರಿ ಸರ್. ಏಳರ ಮಗ್ಗಿ ಮೊದಲ ಹೇಳಿಕೊಡಂತ ಹೇಳ್ರಿ, ಯಾರು ಬರ್ತಾರ ಅವರಿಗೆ."

ಗೇಟು ದಾಟಿದ ಮೇಲೆ ಒಂದೇ ಒಂದು ಮಾತು ಆಡಿದಳು: "ನನ್ನ ಮಾತಾಡಸಾಕ ಇಡೀ ಊರು ಬಂತ್ರಿ ಮೇಡಂ. ಮನಿ ಬಾಗಲಕ್ಕ ಒಬ್ಬರೂ ಬರಲಿಲ್ಲ."

ಅದೇ ವಾರ ತಾಯಿ ಮಗಳು ಕೋಣೆ ಬಿಟ್ಟರು. ಮುಡಬಿಯ ಬಸ್ ಎಷ್ಟಕ್ಕೆ ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದನ್ನು ಬೋರ್ಡಿನಿಂದ ಬರೆದು ತಂದು ಊರಿಗೆಲ್ಲ ತಿಳಿಸಿದವಳು ನಾನೇ. ಆ ವಿಷಯಕ್ಕೆ ಕೊನೆಗೂ ಒಂದು ಉತ್ತರ ಬಂದಿತ್ತು: "ಭಾಳ ಉಪಯೋಗ ಆತು, ಧನ್ಯವಾದ." ಅದರ ಮೇಲೆ, ಮೊದಲ ಸಾಲಿನಲ್ಲಿ, ಅವಳ ಹೆಸರು ಹಾಗೆಯೇ ಇತ್ತು.

ನಾನು ಮುಡಬಿಗೆ ಹೋಗುವುದನ್ನು ಬಿಡಲಿಲ್ಲ. ಅದು ನನ್ನ ಕೆಲಸ. ಕೆಲಸಕ್ಕಿಂತ ಸ್ವಲ್ಪ ಹೆಚ್ಚು. ಮೊದಲ ಸಲ ಹೋದಾಗ ಅವಳು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮೊರ ಬದಿಗಿಟ್ಟು ಕೇಳಿದಳು:

"ಭಜಿದು ಏನಾತ್ರಿ ಮೇಡಂ? ಯಾವ ಊರು ಗೆದ್ದಿತು?"

"ಇನ್ನೂ ಬಡದಾಡಾಕತ್ತಾರ. ತೀರ್ಮಾನ ಆಗಿಲ್ಲ."

ಅವಳು ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.

"ನೋಡ್ರಿ, ಭಜಿ ಅಂದ್ರ ತಿಂದು ನೋಡಿ ಹೇಳಬೇಕಾಗ್ತದ. ನನ್ನ ಮ್ಯಾಲಿನ ತೀರ್ಮಾನಕ್ಕ ಹಂಗೇನೂ ಬೇಕಾಗಿರಲಿಲ್ಲ, ಲಗೂನ ಮುಗೀತು."